ಹುಣಸೆದಿಬ್ಬದ ಹೆಜ್ಜೆಗಳು

ಕ್ಯಾನ್‌ಬೆರಾ
7 ಮಾರ್ಚ್ 1999

ಪ್ರೀತಿಯ ಮಿಂಗ್ ಲಾಯ್,

ನಿಮ್ಮ ಸೋರಿಯಾಳ ನಮಸ್ಕಾರಗಳು. ಐದು ವರ್ಷದ ಹಿಂದೆ ಕಂಬಗಳ ಮೇಲೆ ನಿಂತ ನಿಮ್ಮ ಮನೆಯ ಕೆಳಗಿನ ನೆರಳಲ್ಲಿ ಮೂರು ತಿಂಗಳು ಕೂತು, ನೀವು ಗಡಿಗೆ ತಟ್ಟುವುದನ್ನು ಬರೆದುಕೊಂಡು, ನಿಮ್ಮ ಪ್ರಹೋಕ್ ಮೀನಿನ ಜಾಡಿಯನ್ನು ಅರ್ಧ ಖಾಲಿ ಮಾಡಿ ಹೋದವಳು ನಾನೇ. ಬಾಯಿ ತುಂಬ ಮಿಂಗ್, ಚಿಕ್ಕಮ್ಮ ಎಂದು ಕರೆದು ಹೋದವಳು ಒಂದು ಕಾಗದವನ್ನೂ ಹಾಕಲಿಲ್ಲ. ಬೈಯಬೇಕೆಂದಿದ್ದರೆ ಇಲ್ಲಿಗೇ ನಿಲ್ಲಿಸಿ ಬೈದುಬಿಡಿ, ಆಮೇಲೆ ಮುಂದೆ ಓದಿ.

ಈಗ ನಾನು ಆಸ್ಟ್ರೇಲಿಯಾದಲ್ಲಿ ಡಾಕ್ಟರೇಟ್ ಓದುತ್ತಿದ್ದೇನೆ. ಈ ವರ್ಷ ಜನವರಿಯಲ್ಲಿ ಸಿಯೆಮ್ ರಿಯಪ್ ಕಡೆ ಹುಣಸೆದಿಬ್ಬ ಎನ್ನುವಲ್ಲಿ ಅಗೆದೆವು. ಹೊಸ ರಸ್ತೆಗೆ ಮಣ್ಣು ಬೇಕೆಂದು ಗುತ್ತಿಗೆದಾರರೊಬ್ಬರು ಆ ದಿಬ್ಬವನ್ನು ಒಂದು ಮಗ್ಗುಲಿಂದ ಕಡಿಯುತ್ತ ಬರುತ್ತಿದ್ದರು. ನಮಗೆ ಸಿಕ್ಕಿದ್ದು ಆರೇ ವಾರ. ಐದನೆಯ ವಾರ ಸೊಂಟದಾಳದಲ್ಲಿ ಒಂದು ನೆಲ ಸಿಕ್ಕಿತು. ಎಂದೋ ಹುಲ್ಲಿನ ಮಾಡು ಹೊತ್ತಿ ಮೇಲೆ ಬಿದ್ದು, ಕೆಳಗಿನ ಹಸಿ ಮಣ್ಣು ಇಟ್ಟಿಗೆಯ ಹಾಗೆ ಬೆಂದುಹೋಗಿದೆ. ಅದರ ಮೇಲೆ ಬರಿಗಾಲಿನ ಗುರುತುಗಳು. ಸಾವಿರ ವರ್ಷದ ಹಿಂದಿನ ಕಾಲು, ಬೆರಳು ಎಣಿಸಬಹುದು ಮಿಂಗ್. ಕುಂಚ ಕೆಳಗಿಟ್ಟು ಒಂದೊಂದಾಗಿ ಎಣಿಸಿದೆ.

ನಡುವೆ ಕಂಬ ನೆಟ್ಟಿದ್ದ ಕುಳಿ. ಕುಳಿಯ ಸುತ್ತ ಬೂದಿ. ಬೂದಿಯ ಸುತ್ತ ಬಳೆಯ ಹಾಗೆ ಹೆಜ್ಜೆಗಳು, ಬಹುಪಾಲು ಬೆರಳುಗಳು ಅಪ್ರದಕ್ಷಿಣದ ಕಡೆಗೆ. ಏನನ್ನು ಹಾಗೆ ಸುತ್ತುತ್ತಾರೆಂದು ನಿಮಗೆ ನಾನು ಹೇಳಬೇಕೆ? ನಮ್ಮ ತಾತನ ಚಿತೆಯನ್ನು ನಾನೂ ಮೂರು ಸುತ್ತು ಹಾಗೇ ಬಂದವಳು. ನಮ್ಮ ಪ್ರೊಫೆಸರರಿಗೆ ಇದು ಹೊಳೆದಿರಲಿಲ್ಲ, ಹೊಳೆಯುವಂತೆಯೂ ಇರಲಿಲ್ಲ. ನಾನೇ ಹೇಳಿದೆ, ಇದು ಯಾರೋ ದೊಡ್ಡ ಮನುಷ್ಯರನ್ನು ದಹಿಸಿದ ಜಾಗ, ಮೇಲೊಂದು ಗುಡಿಯಿತ್ತು ಎಂದು. ಅಂಚಿನ ಕೆಲವು ಬಿಟ್ಟರೆ ಹಿಮ್ಮಡಿ ಊರದೆ, ಭಕ್ತಿಯಿಂದ ತುದಿಗಾಲಲ್ಲಿ ನಡೆದಿದ್ದಾರೆ. ಪ್ರೊಫೆಸರರು ಎದ್ದು ಬಂದು ನನ್ನ ಕೈ ಕುಲುಕಿದರು.

ಪುರಾತತ್ವ ಇಲಾಖೆಯವರು ಮಣ್ಣು ತೆಗೆಯುವುದನ್ನು ತಡೆದಿದ್ದಾರೆ. ಬರುವ ಜನವರಿ ಹದಿನೆಂಟಕ್ಕೆ ಸಮಿತಿ ಅಲ್ಲಿಗೇ ಬಂದು ದಿಬ್ಬ ಉಳಿಯಬೇಕೋ ಹೋಗಬೇಕೋ ತೀರ್ಮಾನಿಸುತ್ತದೆ. ಗುಡಿ ಎಂದ ಮೇಲೆ ಯಾರೂ ಗುದ್ದಲಿ ಎತ್ತುವುದಿಲ್ಲ. ನನ್ನ ಪ್ರಬಂಧವೂ ಆ ನೆಲದ ಮೇಲೆಯೇ ನಿಂತಿದೆ. ಫೋಟೊ ಮತ್ತು ಹೆಜ್ಜೆಗಳ ಅಚ್ಚು ತೆಗೆದ ಹಾಳೆ ಇದರೊಂದಿಗೆ ಇಟ್ಟಿದ್ದೇನೆ. ಗೋಡೆಗೆ ಹಚ್ಚಿಕೊಳ್ಳಿ. ಮಣ್ಣಿನ ಬಗ್ಗೆ ನನಗೆ ಮೊದಲ ಪಾಠ ಹೇಳಿದವರು ನೀವು, ಅದಕ್ಕೆ ನಿಮಗೂ ಒಂದು ಪ್ರತಿ.

ನಿಮ್ಮ
ಸೋರಿಯಾ


ಸ್ರೆ ತ್ನೋತ್, ಕಂಪೊಂಗ್ ಛ್ನಾಂಗ್
28 ಏಪ್ರಿಲ್ 1999

ಸೋರಿಯಾ ಮಗಳೇ,

ಬೈದೆ. ನೀನು ಹೇಳಿದ ಜಾಗದಲ್ಲೇ ನಿಲ್ಲಿಸಿ ಬೈದೆ. ನನ್ನ ತಮ್ಮ ಸಾರೆತ್ ಗಾಡಿಯ ಗಾಲಿಗೆ ಎಣ್ಣೆ ಹಚ್ಚುತ್ತಿದ್ದವನು, "ಯಾರಿಗಕ್ಕಾ ಅಷ್ಟೊಂದು ಮಂಗಳಾರತಿ?" ಅಂದ. ಸೋರಿಯಾಗೆ ಎಂದೆ. "ಆ ನೋಟ್‌ಬುಕ್ಕಿನ ಹುಡುಗೀನಾ? ಬಿಡು, ತಿನ್ನೋದ್ರಲ್ಲಿ ಜೋರು, ಬರೆಯೋದ್ರಲ್ಲಿ ನಿಧಾನ" ಅಂದ. ಈಗ ಲೆಕ್ಕ ಸರಿಯಾಯಿತು, ಇನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡ.

ಹೊಸ ವರ್ಷ ಚೆನ್ನಾಗಿ ಆಯಿತು. ವಿಹಾರದಲ್ಲಿ ಮರಳಿನ ಗುಡ್ಡ ಕಟ್ಟಿದೆವು. ಮಕ್ಕಳು ನನ್ನ ತಲೆಯ ಮೇಲೆ ಒಂದು ಡಬ್ಬ ಹಿಟ್ಟು ಸುರಿದರು. ಬೆಟ್ಟದ ಮಣ್ಣು ಈ ಸಲ ಸ್ವಲ್ಪ ಜಿಡ್ಡು ಕಡಿಮೆ. ಉಳಿದಂತೆ ಎಲ್ಲರೂ ಇದ್ದೇವೆ.

ನಿನ್ನ ಫೋಟೊ ಬಂದ ದಿನ ಕೇರಿಯ ಹೆಂಗಸರೆಲ್ಲ ನಮ್ಮ ಮನೆ ಕೆಳಗೇ. ಪಕ್ಕದ ಮನೆ ಯೋಮ್ ಅದನ್ನು ತಲೆಕೆಳಗಾಗಿ ಹಿಡಿದುಕೊಂಡೇ, "ಯಾರಂಗಳ ಇದು? ಎಷ್ಟು ದಿನ ಆಯ್ತು ಗುಡಿಸಿ, ಸೋಮಾರಿ ಮುಂಡೇದು" ಅಂದಳು. ನಾನೂ ಅದನ್ನೇ ಅನ್ನುವವಳಿದ್ದೆ. ಅದು ಗಡಿಗೆ ತಟ್ಟುವ ಅಂಗಳ ಕಣೇ. ನಡುವಿನ ಕುಳಿ ಗಡಿಗೆ ಕೂರಿಸುವ ಕೊರಡು ನೆಟ್ಟಿದ್ದು. ನಾವು ತಾಳೆಮರದ್ದು ನೆಡುತ್ತೇವೆ, ಅವಳು ಯಾವ ಮರದ್ದು ನೆಟ್ಟಿದ್ದಳೋ. ಬೂದಿ ಯಾಕೆಂದರೆ ಕೊರಡಿನ ಮೇಲೆ ಬೂದಿ ಉದುರಿಸದಿದ್ದರೆ ಹಸಿ ಗಡಿಗೆ ಅಂಟಿಕೊಳ್ಳುತ್ತದೆ. ನೀನೇ ಎಷ್ಟು ಸಲ ನನಗೆ ಬೂದಿ ತಂದುಕೊಟ್ಟಿಲ್ಲ?

ತುದಿಗಾಲು ಭಕ್ತಿಗಲ್ಲ. ನಾವು ಗಡಿಗೆಯ ಸುತ್ತ ಹಿಂದಕ್ಕೆ ನಡೆಯುತ್ತೇವೆ, ಗೊತ್ತಲ್ಲ. ಎಡಗೈಯಲ್ಲಿ ಗಡಿಗೆಯ ಒಳಗೊಂದು ಕಲ್ಲು ಹಿಡಿದು, ಬಲಗೈಯಲ್ಲಿ ಹಲಗೆಯಿಂದ ತಟ್ಟುತ್ತ, ಹಿಂದೆ ಹಿಂದೆ. ಹಿಂದಕ್ಕೆ ಇಡುವ ಕಾಲು ಬೆರಳಿನ ಕಡೆಯಿಂದ ಊರುತ್ತದೆ, ಹಿಮ್ಮಡಿ ಕಾಣುವುದಿಲ್ಲ. ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿ ನೋಡು. ನಮ್ಮ ಅಂಗಳದ ಮರಳನ್ನು ನಾನು ದಿನಾ ಗುಡಿಸುತ್ತೇನಲ್ಲ, ಅದಕ್ಕೇ ನಿನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಮಾತು. ಆ ಸುತ್ತು ಕೊರಡಿಗೆ ಎಷ್ಟು ಹತ್ತಿರ ಇದೆ ನೋಡು. ಉರಿಯುವ ಚಿತೆಗೆ ಒಂದು ಮೊಳದ ದೂರದಲ್ಲಿ ಯಾರು ತಿರುಗುತ್ತಾರೆ, ಉಟ್ಟ ಬಟ್ಟೆ ಹೊತ್ತಿಕೊಳ್ಳುವುದಿಲ್ಲವೇ? ಯೋಮ್ ಬಿದ್ದು ಬಿದ್ದು ನಕ್ಕಳು. ಫೋಟೊ ಅಂಗಳದ ಕಂಬಕ್ಕೆ ಹಚ್ಚಿದ್ದೇನೆ. ಸಾವಿರ ವರ್ಷದ ಹಿಂದೆಯೂ ನಮ್ಮ ಹಾಗೇ ಒಬ್ಬಳು ತಿರುಗುತ್ತಿದ್ದಳು ಅಂದರೆ ನನಗೆ ಬಹಳ ಖುಷಿಯಾಗಿದೆ. ತಂಪಿನ ದೇಶ ಅಂತೆ, ಕಿವಿಗೆ ಬಟ್ಟೆ ಸುತ್ತಿಕೋ.

ಲಾಯ್


ಕ್ಯಾನ್‌ಬೆರಾ
30 ಮೇ 1999

ಮಿಂಗ್ ಲಾಯ್ ಅವರಿಗೆ,

ಕಾಗದ ತಲುಪಿತು. ನಿಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ.

ಫೋಟೊ ಒಂದನ್ನೇ ನೋಡಿ ಇಂಥ ವಿಷಯ ತೀರ್ಮಾನಿಸುವುದು ಕಷ್ಟ. ಆ ನೆಲವನ್ನು ನಾವು ಮೂರು ಜನ, ಹನ್ನೊಂದು ದಿನ ಅಳೆದಿದ್ದೇವೆ. ಬೂದಿಯನ್ನು ಪರೀಕ್ಷೆಗೆ ಕಳಿಸಲಾಗಿದೆ. ಚಿತೆ ಆರಿದ ಮೇಲೂ ಪ್ರತಿವರ್ಷ ಆ ಜಾಗವನ್ನು ಸುತ್ತುವ ಪದ್ಧತಿ ಇದ್ದಿರಬಹುದು, ಆಗ ದೂರದ ಪ್ರಶ್ನೆ ಬರುವುದಿಲ್ಲ. ಈ ವಿಷಯವಾಗಿ ಆಗಸ್ಟಿನಲ್ಲಿ ನನ್ನ ಉಪನ್ಯಾಸವಿದೆ, ಹೊರಗಿನ ವಿದ್ವಾಂಸರೂ ಬರುತ್ತಾರೆ.

ಒಂದು ಕೋರಿಕೆ. ನಿಮ್ಮ ಕಡೆಯ ಗಾಡಿಗಳು ಸಿಯೆಮ್ ರಿಯಪ್‌ಗೂ ಹೋಗುತ್ತವೆ. ಇದು ಅಂಗಳ ಎಂಬ ಮಾತು ಅಲ್ಲಿ ಹಬ್ಬಿದರೆ ಗುತ್ತಿಗೆದಾರರಿಗೆ ಅಷ್ಟೇ ಸಾಕು. ದಯವಿಟ್ಟು ಯಾರಲ್ಲೂ ಹೇಳಬೇಡಿ, ಯೋಮ್‌ಗೂ ಹೇಳಿಬಿಡಿ.

ಆರೋಗ್ಯ ನೋಡಿಕೊಳ್ಳಿ.

ಸೋರಿಯಾ


ಸ್ರೆ ತ್ನೋತ್
12 ಜುಲೈ 1999

ಗೌರವಾನ್ವಿತ ನೇಕ್ ಕ್ರೂ ಸೋರಿಯಾ ಅವರಿಗೆ,

ತಮ್ಮ ಕಾಗದ ಕೈಸೇರಿತು. ನಾನು ತಪ್ಪು ಮಾಡಿದೆ. ಓದಿದವರ ಕೆಲಸದಲ್ಲಿ ಬಾಯಿ ಹಾಕಬಾರದಿತ್ತು. ನನಗೆ ಗೊತ್ತಿರುವುದು ಗಡಿಗೆ, ಕುಡಿಕೆ, ಒಲೆ, ಇಷ್ಟೆ. ಮಣ್ಣು ನೋಡಿದ ಕೂಡಲೇ ಎಲ್ಲವೂ ನನ್ನ ಅಂಗಳ ಎಂದು ತಿಳಿಯುವುದು ನನ್ನ ದಡ್ಡತನ.

ಅದು ಗುಡಿಯೇ ಇರಬೇಕು. ತಾವು ಹನ್ನೊಂದು ದಿನ ಅಳೆದಿದ್ದೀರಿ. ನಾನು ಫೋಟೊವನ್ನು ಅಂಗಳದ ಕಂಬದಿಂದ ತೆಗೆದು ಮೇಲೆ ಬುದ್ಧನ ಪಟದ ಪಕ್ಕ ಇಟ್ಟಿದ್ದೇನೆ, ದಿನಾ ಒಂದು ಊದುಕಡ್ಡಿ ಹಚ್ಚುತ್ತೇನೆ. ಯೋಮ್ ಕೇಳಿದಳು, "ಅಂಗಳಕ್ಕೆ ಯಾಕೆ ಊದುಕಡ್ಡಿ?" ಎಂದು. ಸುಮ್ಮನಿರು ಎಂದೆ. ನಾನು ಯಾರಿಗೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಸಾರೆತ್‌ಗೆ ವಿಷಯವೇ ಮರೆತುಹೋಗಿದೆ.

ತಮಗೆ ಬೇಸರವಾಗಿದ್ದರೆ ಕ್ಷಮಿಸಬೇಕು. ಈ ಸಲ ಮಳೆ ಬೇಗ ಬಂತು, ನಾಟಿ ಮುಗಿಯಿತು. ಉಪನ್ಯಾಸ ಚೆನ್ನಾಗಿ ನಡೆಯಲಿ ಎಂದು ವಿಹಾರದಲ್ಲಿ ಹೇಳಿಕೊಂಡಿದ್ದೇನೆ.

ಛುಮ್ ಲಾಯ್


ಕ್ಯಾನ್‌ಬೆರಾ
21 ನವೆಂಬರ್ 1999

ಪ್ರೀತಿಯ ಮಿಂಗ್,

ಮೂರು ತಿಂಗಳು ನಿಮ್ಮ ಚಾಪೆಯ ಮೇಲೆ ಮಲಗಿದವಳನ್ನು ನೇಕ್ ಕ್ರೂ ಎಂದು ಟೀಚರಮ್ಮ ಮಾಡಿ ದೂರ ಕೂರಿಸಿಬಿಟ್ಟಿರಿ. ಅದಕ್ಕೆ ನಾನು ಅರ್ಹಳೇ. 'ಅದು ಗುಡಿಯೇ ಇರಬೇಕು' ಎನ್ನುವ ನಿಮ್ಮ ಸಾಲನ್ನು ಓದಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಗೊತ್ತಿರುವ ಒಬ್ಬರ ಬಾಯನ್ನು ಮುಚ್ಚಿಸಿ ಗೆದ್ದೆನಲ್ಲ ಎಂದು ನಾಚಿಕೆಯಾಯಿತು. ಆಗಸ್ಟಿನಲ್ಲಿ ಉಪನ್ಯಾಸ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಾದರೊಬ್ಬರು ಎದ್ದು, 'ಚಿತೆಗೆ ಅಷ್ಟು ಹತ್ತಿರ ಯಾರಮ್ಮ ಹೋಗ್ತಾರೆ?' ಎಂದು ಕೇಳಲಿ ಎಂದು ಕಾಯುತ್ತ ನಿಂತಿದ್ದೆ. ಅಷ್ಟು ಜನ ವಿದ್ವಾಂಸರಲ್ಲಿ ಒಬ್ಬರಿಗೂ ಯೋಮ್‌ಗೆ ಇದ್ದಷ್ಟು ಬುದ್ಧಿ ಇರಲಿಲ್ಲ.

ಅಕ್ಟೋಬರಿನಲ್ಲಿ ಒಂದು ಭಾನುವಾರ ನಾನಿರುವ ಮನೆಯ ಹಿತ್ತಲಲ್ಲಿ ಮಣ್ಣು ಕಲಸಿ ಹರಡಿದೆ. ನಡುವೆ ಒಂದು ಡ್ರಮ್ಮು, ಅದರ ಮೇಲೆ ಬಕೆಟ್ಟು ಬೋರಲು. ಎಡಗೈಯಲ್ಲಿ ಕಲ್ಲು, ಬಲಗೈಯಲ್ಲಿ ಅನ್ನದ ಸೌಟು. ಹಿಂದಕ್ಕೆ ಸುತ್ತಿದೆ, ಎರಡು ಸಲ ಬಿದ್ದೆ. ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ, "ಏನ್ ಕಳ್ಕೊಂಡಿದೀಯಮ್ಮಾ, ನಾನೂ ಹುಡುಕ್ಲಾ?" ಎಂದು ಕೇಳಿದರು. ಅಳೆದು ನೋಡಿದೆ. ಕೊರಡಿಗೆ ಇರುವ ದೂರ, ಬೆರಳಿನ ಆಳ, ಎರಡು ಹೆಜ್ಜೆಗಳ ನಡುವಿನ ಅಂತರ, ಎಲ್ಲ ಹುಣಸೆದಿಬ್ಬದ್ದೇ. ಅಲ್ಲೇ ಕೆಸರಲ್ಲಿ ಕೂತು ಅತ್ತೆ.

ಒಳಗೆ ಬಂದು ನಿಮ್ಮಲ್ಲಿದ್ದಾಗಿನ ನನ್ನ ಪೆಟ್ಟಿಗೆ ತೆಗೆದೆ. ನೀವು ಗಡಿಗೆ ಮಾಡುವಾಗಿನ ಇನ್ನೂರು ಫೋಟೊ ಇವೆ ಮಿಂಗ್. ಇನ್ನೂರೂ ನಿಮ್ಮ ಕೈಗಳದ್ದು. ಕಾಲಿನದು ಒಂದೂ ಇಲ್ಲ. ಮೂರು ತಿಂಗಳು ಕಣ್ಣೆದುರು ತಿರುಗುತ್ತಿದ್ದ ಕಾಲನ್ನು ನಾನು ನೋಡಲೇ ಇಲ್ಲ. ನಮಗೆ ಕಲಿಸಿದವರು ಕೈ ನೋಡಿ ಎಂದಿದ್ದರು, ಅಷ್ಟೇ ನೋಡಿದೆ.

ಪ್ರೊಫೆಸರರಿಗೆ ಹೇಳಿದೆ. ಅಚ್ಚಿನ ಹಾಳೆ ತೆಗೆದು ಮತ್ತೆ ನೋಡಿದರು. "ನಿನ್ನನ್ನ ಬಿಟ್ಟು ಬೇರೆ ಯಾರೂ ಸಂಶಯ ಎತ್ತಿಲ್ಲ, ಗೊತ್ತಲ್ಲ?" ಎಂದರು. "ನನಗೆ ಗೊತ್ತಿದೆ ಸರ್, ಸ್ರೆ ತ್ನೋತ್‌ನಲ್ಲಿ ಇನ್ನಿಬ್ಬರಿಗೆ ಗೊತ್ತಿದೆ" ಎಂದೆ. "ಹಾಗಾದ್ರೆ ಬರೆದು ಕೊಡು" ಎಂದರು. ಸಮಿತಿಗೆ ಮೊನ್ನೆ ಕಾಗದ ಹಾಕಿದೆ. ಗುಡಿ ಎಂದದ್ದು ನನ್ನ ತಪ್ಪು, ಅದು ಗಡಿಗೆ ತಟ್ಟುವವಳೊಬ್ಬಳ ಅಂಗಳ, ಆದರೂ ದಿಬ್ಬವನ್ನು ಉಳಿಸಿ ಎಂದು. ಉಳಿಸುತ್ತಾರೆಂಬ ನಂಬಿಕೆ ನನಗಿಲ್ಲ. ಗುಡಿಗೆ ಕೈಮುಗಿಯುವವರು ಅಂಗಳಕ್ಕೆ ಮುಗಿಯುತ್ತಾರೆಯೇ? ಜನವರಿ ಹದಿನೆಂಟಕ್ಕೆ ಅವರು ಬಂದು ನೋಡಿ, ತಲೆಯಾಡಿಸಿ ಹೋಗುತ್ತಾರೆ. ಮಾರನೆಯ ದಿನ ಗುದ್ದಲಿ ಬರುತ್ತದೆ.

ನನಗೆ ಬರಲಾಗುವುದಿಲ್ಲ, ಇಲ್ಲಿ ಕೆಲಸ ಬಹಳ. ಪ್ರಬಂಧ ಸ್ವಲ್ಪ ತಡವಾಗಬಹುದು, ಅಷ್ಟೆ. ಆ ಹೆಂಗಸಿನ ಅಂಗಳ ಉಳಿಸಲಾಗಲಿಲ್ಲ, ಕ್ಷಮಿಸಿ. ನಿಮ್ಮ ಮಾತನ್ನು ತಳ್ಳಿಹಾಕಿದ್ದಕ್ಕೆ ಅದಕ್ಕಿಂತ ಮೊದಲು ಕ್ಷಮಿಸಿ. ಫೋಟೊವನ್ನು ಬುದ್ಧನ ಪಕ್ಕದಿಂದ ತೆಗೆದು ವಾಪಸ್ಸು ಅಂಗಳದ ಕಂಬಕ್ಕೆ ಹಚ್ಚಿ. ನನ್ನನ್ನು ಮೊದಲಿನ ಹಾಗೆ ನೀನು ಎಂದೇ ಬರೆಯಿರಿ.

ನಿಮ್ಮ
ಸೋರಿಯಾ


ಸ್ರೆ ತ್ನೋತ್
6 ಫೆಬ್ರವರಿ 2000

ಸೋರಿಯಾ ಮಗಳೇ,

ಇಷ್ಟು ದಿನ ಊರಲ್ಲಿರಲಿಲ್ಲ. ನಿನ್ನೆ ಬಂದೆ, ಸ್ನಾನ ಮಾಡಿ ಮಲಗಿ ಎದ್ದು ಬರೆಯುತ್ತಿದ್ದೇನೆ. ಕೂತು ಓದು, ಉದ್ದ ಇದೆ.

ನಿನ್ನ ಕಾಗದ ಡಿಸೆಂಬರಿನಲ್ಲಿ ಬಂತು. ನೀನು ಮುಖ ತೋರಿಸಲು ಹೆದರಿಕೊಂಡು 'ಕೆಲಸ ಬಹಳ' ಎಂದು ಬರೆದಿದ್ದೀ ಅಂದುಕೊಂಡೆ. ಹೆದರಿಕೆಗೆ ನಾನು ಬೈಯುವುದಿಲ್ಲ. ಆಗ ಕುಯಿಲು ಮುಗಿಯುವ ಸಮಯ. ಸಾರೆತ್ ಎಂದಿನಂತೆ ಗಡಿಗೆ ಹೇರಿಕೊಂಡು ಊರೂರು ತಿರುಗಿ ಭತ್ತಕ್ಕೆ ಕೊಟ್ಟುಬರಲು ಗಾಡಿ ಕಟ್ಟುತ್ತಿದ್ದ. ಬಟ್ಟಂಬಾಂಗ್ ಕಡೆ ಹೋಗುವವನು. "ಈ ಸಲ ಸಿಯೆಮ್ ರಿಯಪ್ ಕಡೆ ಹೋಗು, ನಾನೂ ಬರ್ತೀನಿ" ಅಂದೆ. ಗಾಡಿಯ ಮೇಲೆ ಹೆಂಗಸರು ಹೋಗುವ ರೂಢಿ ನಮ್ಮಲ್ಲಿಲ್ಲ. "ನಿನಗೇನು ಹುಚ್ಚಾ ಅಕ್ಕಾ, ದಾರೀಲಿ ಎತ್ತಿಗೆ ಹುಲ್ಲು ಹಾಕೋದೋ, ನಿನಗೆ ನೆರಳು ಹುಡುಕೋದೋ" ಅಂದ. ಯೋಮ್ ತಾನೂ ಬರುತ್ತೇನೆ ಅಂತ ಗಂಟು ತಂದಿಟ್ಟ ಮೇಲೆ ಅವನ ಬಾಯಿ ಬಂದ್ ಆಯಿತು. ಒಂದು ಕೊರಡು, ಎರಡು ಬುಟ್ಟಿ ನೆನೆಸಿದ ಮಣ್ಣು, ಒಂದು ಚೀಲ ಬೂದಿ ಹೇರಿದೆವು. ಹದಿನೈದು ದಿನದ ದಾರಿ. ಮಣ್ಣು ಒಣಗದ ಹಾಗೆ ಯೋಮ್ ಮೂರು ಹೊತ್ತೂ ನೀರು ಚಿಮುಕಿಸಿಕೊಂಡು ಬಂದಳು.

ಹದಿನೆಂಟಕ್ಕೆ ಬೆಳಿಗ್ಗೆ ಹುಣಸೆದಿಬ್ಬಕ್ಕೆ ಮುಟ್ಟಿದೆವು. ಕಾವಲುಗಾರ ಅಡ್ಡ ಬಂದ.

"ಮಡಕೆ ಮಾರೋರು ಆ ಕಡೆ ಹೋಗಿ. ಇಲ್ಲಿ ದೊಡ್ಡೋರು ಬರ್ತಾರೆ."

"ದೊಡ್ಡೋರು ಅನ್ನ ಬೇಯಿಸ್ಕೊಳಲ್ವೇನಪ್ಪಾ?" ಅಂದಳು ಯೋಮ್. ಅವನಿಗೊಂದು ಕುಡಿಕೆ ಕೊಟ್ಟಳು. ಅವನು ನೆರಳು ಬಿಟ್ಟುಕೊಟ್ಟ.

ನಿನ್ನ ನೆಲದ ಮೇಲೆ ಮಾಡು ಹಾಕಿ, ಸುತ್ತ ಹಗ್ಗ ಕಟ್ಟಿದ್ದರು. ನಾನು ಹಗ್ಗ ದಾಟಲಿಲ್ಲ. ಹೊರಗೆ ಹತ್ತು ಮಾರು ದೂರದಲ್ಲಿ ನೆಲ ಒದ್ದೆ ಮಾಡಿ, ಕೊರಡು ನೆಟ್ಟು, ಬೂದಿ ಉದುರಿಸಿ ಗಡಿಗೆ ಕೂರಿಸಿದೆ. ಅವರು ಬರುವ ಹೊತ್ತಿಗೆ ಕತ್ತು ಎದ್ದಿತ್ತು, ಹೊಟ್ಟೆ ತಟ್ಟುತ್ತಿದ್ದೆ. ಆರು ಜನ ಇಳಿದರು. ಗುತ್ತಿಗೆದಾರನೂ ಇದ್ದ, ಕೈಯಲ್ಲಿ ನಿನ್ನ ಕಾಗದದ ಪ್ರತಿ ಹಿಡಿದಿದ್ದ. ಅಧ್ಯಕ್ಷರು ಬಿಳಿ ತಲೆಯವರು, ಕೋಲೂರಿಕೊಂಡು ನೇರ ನನ್ನ ಹತ್ತಿರವೇ ಬಂದರು.

"ಏನಮ್ಮಾ ಇದು, ಯಾರು ನೀವು?"

"ಗಡಿಗೆ ಮಾಡೋಳು ಸ್ವಾಮಿ. ಆ ಒಳಗಿರೋಳು ನನ್ನ ಕಸುಬಿನೋಳು. ಅವಳ ಪರವಾಗಿ ಮಾತಾಡೋಕೆ ಯಾರೂ ಇಲ್ಲ ಅಂತ ಬಂದೆ."

"ಮಾತಾಡಿ ಹಾಗಾದ್ರೆ."

"ಮಾತು ನನಗೆ ಬರಲ್ಲ. ಗಡಿಗೆ ಮುಗಿಸ್ತೀನಿ, ಆಮೇಲೆ ನನ್ನ ಕಾಲಿನ ಗುರುತು ನೋಡಿ, ಅವಳದ್ದೂ ನೋಡಿ."

ಕೈ ಎರಡು ಸಲ ತಪ್ಪಿತು, ನಿನಗೆ ಯಾಕೆ ಸುಳ್ಳು ಹೇಳಲಿ. ಕಾಲು ತಪ್ಪಲಿಲ್ಲ. ಅವು ಐವತ್ತು ವರ್ಷ ಆ ಸುತ್ತು ಬಂದಿವೆ. ಗಡಿಗೆ ಮುಗಿಸಿ ಈಚೆ ಬಂದೆ. ಅವರಲ್ಲೊಬ್ಬ ಹುಡುಗ ಅಧಿಕಾರಿ ಟೇಪು ಹಿಡಿದು ಇಲ್ಲಿ ಅಳೆದ, ಅಲ್ಲಿ ಅಳೆದ. ಮತ್ತೆ ಇಲ್ಲಿಗೆ ಬಂದ. ಬಾಯಿ ತೆರೆದುಕೊಂಡೇ ಇದ್ದ. ಯೋಮ್, "ಸೊಳ್ಳೆ ಹೋಗತ್ತೆ ಮುಚ್ಕೊಳಪ್ಪಾ" ಅಂದಳು. ಆಮೇಲೆ ಎಲ್ಲರೂ ಹಗ್ಗದ ಸುತ್ತ ಬಗ್ಗಿ ನೋಡಿದರು.

ಗುತ್ತಿಗೆದಾರ ಅಂದ, "ಸರ್, ಇದನ್ನೇ ನಾನೂ ಹೇಳಿದ್ದು. ಗುಡಿ ಅಲ್ಲ ಅಂತ ಅವರೇ ಬರ್ಕೊಟ್ಟಿದಾರೆ. ಮಡಕೆ ಅಂಗಳ ಊರಿಗೆ ನೂರಿದಾವೆ, ಇದೊಂದು ಹೋದ್ರೆ ಏನ್ ಗಂಟು ಹೋಗತ್ತೆ?"

ನನಗೆ ಸಿಟ್ಟು ಬಂತು. "ನೂರಿರೋದು ನಮ್ಮೋವು. ನಾವು ಸತ್ತ ಮಾರನೇ ದಿನ ಸೊಸೆಯಂದಿರು ಗುಡಿಸಿ ಹಾಕ್ತಾರೆ. ಇವಳದ್ದೊಂದನ್ನ ಯಾರೂ ಗುಡಿಸಿಲ್ಲ ಕಣಪ್ಪಾ" ಅಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ.

ಅಧ್ಯಕ್ಷರು ನಗಲಿಲ್ಲ. ನಿನ್ನ ಕಾಗದ ಅವನ ಕೈಯಿಂದ ತೆಗೆದುಕೊಂಡು ಉಳಿದವರಿಗೆ ಓದಿ ಹೇಳಿದರು. "ಈ ಹುಡುಗಿ ಸುಮ್ಮನಿದ್ದಿದ್ರೆ ದಿಬ್ಬ ಉಳೀತಿತ್ತು. ಸುಮ್ಮನಿರಲಿಲ್ಲ. ನಾವು ಇವಳ ಮಾತಿನ ಮೇಲೆ ದಿಬ್ಬ ಕಡಿದ್ರೆ, ಇನ್ನು ಮುಂದೆ ಯಾವನು ನಿಜ ಬರೀತಾನೆ ನಮಗೆ?" ಅಂದರು. ಹುಣಸೆಮರದ ಕೆಳಗೆ ಕೂತು ವಾದ ಮಾಡಿದರು. ಬಿಸಿಲು ತಲೆ ಮೇಲೆ ಬಂದಾಗ ಎದ್ದರು. ಪಡುವಲ ಮಗ್ಗುಲು ಆಗಲೇ ಕಡಿದದ್ದು, ಅದು ಹೋಯಿತು. ಉಳಿದದ್ದನ್ನು ಇನ್ನು ಯಾರೂ ಮುಟ್ಟುವ ಹಾಗಿಲ್ಲ. ಕಲ್ಲು ನೆಟ್ಟು, ಬೋರ್ಡಿನ ಮೇಲೆ 'ಗಡಿಗೆ ಮಾಡುವವಳ ಅಂಗಳ' ಎಂದು ಬರೆಸುತ್ತಾರಂತೆ. ನಾನು ಕೇಳಿದ್ದಲ್ಲ, ಅವರಾಗಿ ಹೇಳಿದ್ದು.

ಸಾರೆತ್‌ನ ಗಡಿಗೆಗಳನ್ನು ಆ ಊರವರೇ ಮುಗಿಬಿದ್ದು ತೆಗೆದುಕೊಂಡರು. ಈಗ ಅವನು ನಾನೇ ಈ ದಾರಿ ಹೇಳಿದ್ದು ಅನ್ನುತ್ತ ತಿರುಗುತ್ತಿದ್ದಾನೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಓದು ಮುಗಿಸು.

ಲಾಯ್


ನೊಂಪೆನ್
9 ಜೂನ್ 2003

ಪ್ರೀತಿಯ ಮಿಂಗ್,

ಹುಣಸೆದಿಬ್ಬದ ಸುದ್ದಿ ಬಂದಾಗ ನಾನು ಬರೆದದ್ದು ಮೂರೇ ಸಾಲು. ಹೆಚ್ಚು ಬರೆದರೆ ಬೇರೆಯದೂ ಹೊರಬರುತ್ತಿತ್ತು. ಈಗ ಹೇಳಬಹುದು. ಅಂದು ನಾನು ಬರದಿದ್ದದ್ದು ಹೆದರಿಕೆಗಲ್ಲ. ಗುಡಿ ಹೋದ ಮೇಲೆ ನನ್ನ ವಿದ್ಯಾರ್ಥಿವೇತನವೂ ನಿಂತಿತು, ಟಿಕೆಟ್ಟಿಗೆ ದುಡ್ಡಿರಲಿಲ್ಲ. ಪ್ರಬಂಧವನ್ನು ಮೊದಲಿನಿಂದ ಬರೆಯಬೇಕಾಯಿತು. ಎರಡೂವರೆ ವರ್ಷ ಸಂಜೆ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದೆ. ನೀವು ಆ ಗಾಡಿಯಲ್ಲಿ ಕೂತು ಹದಿನೈದು ದಿನ ಹೋದಿರಿ ಎಂಬುದೊಂದು ಇಲ್ಲದಿದ್ದರೆ ನಾನು ಮೊದಲ ಚಳಿಗಾಲದಲ್ಲೇ ಬಿಟ್ಟು ಬರುತ್ತಿದ್ದೆ. ಪ್ರತಿದಿನ ಅದನ್ನೇ ನೆನೆಸಿಕೊಂಡೆ, ಉತ್ಪ್ರೇಕ್ಷೆಯಲ್ಲ.

ಪ್ರಬಂಧ ಒಪ್ಪಿತವಾಯಿತು. ಈಗ ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತೇನೆ. ಆ ನೆಲದ ಕುರಿತ ಅಧ್ಯಾಯವನ್ನು ನಮ್ಮ ಭಾಷೆಯಲ್ಲಿ ಪುಸ್ತಕ ಮಾಡಿದ್ದಾರೆ, ಇದರೊಂದಿಗಿದೆ. ಮುಖಪುಟ ನೋಡಿ. ಬರೆದವರು ಇಬ್ಬರು, ಮೊದಲ ಹೆಸರು ಛುಮ್ ಲಾಯ್. ಅಚ್ಚಿನವರು, "ಇವರು ಯಾವ ವಿಶ್ವವಿದ್ಯಾಲಯ ಮೇಡಂ?" ಎಂದು ಕೇಳಿದರು. "ಸ್ರೆ ತ್ನೋತ್" ಎಂದೆ. ಹಾಗೇ ಹಾಕಿದ್ದಾರೆ.

ಮೊದಲ ತರಗತಿಯಲ್ಲಿ ಮಕ್ಕಳಿಗೆ ಆ ಇನ್ನೂರು ಫೋಟೊ ತೋರಿಸಿ, ಇದರಲ್ಲಿ ಏನು ಇಲ್ಲ ಹೇಳಿ ಎಂದು ಕೇಳುತ್ತೇನೆ. ನನ್ನ ತಪ್ಪನ್ನು ಬಿಚ್ಚಿಟ್ಟು ಪಾಠ ಶುರುಮಾಡುವುದು ನನಗೆ ಹಿತವಾಗಿದೆ. ಕುಯಿಲಾದ ಮೇಲೆ ಹನ್ನೆರಡು ಜನರನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ. ಅವರಿಗೆ ಹಿಂದಕ್ಕೆ ನಡೆಯುವುದನ್ನು ಕಲಿಸಬೇಕು. ಮಿಂಗ್, ನಾನು ಇಂದು ಏನಾಗಿದ್ದೇನೋ ಅದರಲ್ಲಿ ಹೆಚ್ಚಿನ ಪಾಲು ನಿಮ್ಮದು. ಥ್ಯಾಂಕ್ಸ್ ಎನ್ನುವುದು ಸಾಲುವುದಿಲ್ಲ, ಆದರೂ ಹೇಳದೆ ಇರಲಾರೆ.

ನಿಮ್ಮ
ಸೋರಿಯಾ


ಸ್ರೆ ತ್ನೋತ್
2 ಜುಲೈ 2003

ಸೋರಿಯಾ ಮಗಳೇ,

ತಟ್ಟೆ ತೊಳೆದದ್ದನ್ನು ನನಗೆ ಆಗಲೇ ಹೇಳಬಾರದಿತ್ತೇ? ನಾನು ಸುಮ್ಮನೆ ನಿನ್ನನ್ನು ಹೆದರುಪುಕ್ಕಲಿ ಅಂದುಕೊಂಡೆ. ಬೇಸರವಾಯಿತು. ನಾನೂ ನಿನಗೆ ಹೇಳದೆ ಇಟ್ಟುಕೊಂಡದ್ದಿದೆ. ವಾಪಸ್ಸು ಬರುವ ದಾರಿಯಲ್ಲಿ ಗಾಡಿಯಿಂದ ಬಿದ್ದು ಮಂಡಿ ಕೆಟ್ಟಿತು. ಈಗ ನಾನು ಸುತ್ತು ಬರುವುದಿಲ್ಲ, ಕೂತು ಒಲೆ ಮಾಡುತ್ತೇನೆ. ನಿನ್ನ ಮಕ್ಕಳಿಗೆ ಯೋಮ್ ನಡೆದು ತೋರಿಸಲಿ, ನಾನು ಪಕ್ಕದಲ್ಲಿ ಕೂತು ಅವಳ ತಪ್ಪು ಹೇಳುತ್ತೇನೆ.

ಪುಸ್ತಕ ಬಂತು. ನನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮಡಿಲಲ್ಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದೆ. ಇಷ್ಟು ವರ್ಷದಲ್ಲಿ ಗಡಿಗೆ ಕೊಂಡವರು ಸಾವಿರಾರು ಜನ. ಮಾಡುವವಳಿಗೆ ಏನು ಗೊತ್ತು ಎಂದು ಕೇಳಿದವಳು ನೀನೊಬ್ಬಳೇ. ಒಂದು ಸಲ ಕೇಳಿ, ಒಂದು ಸಲ ಬಾಯಿ ಮುಚ್ಚಿಸಿ, ಮತ್ತೆ ಕೇಳಿದೆಯಲ್ಲ, ಆ ಎರಡನೆಯ ಸಲ ಕೇಳಿದ್ದಕ್ಕೆ ನಾನು ನಿನಗೆ ಋಣಿ.

ಪುಸ್ತಕವನ್ನು ನಿಧಾನವಾಗಿ ಪೂರ್ತಿ ಓದಿದೆ. ಎಲ್ಲ ಸರಿಯಿದೆ. ಒಂದು ಮಾತು ಮಾತ್ರ ಅದರಲ್ಲಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಿಲ್ಲ.

ಅವತ್ತು ಸಮಿತಿಯವರು ಹುಣಸೆಮರದ ಕೆಳಗೆ ವಾದ ಮಾಡುತ್ತಿದ್ದಾಗ ನಾನು ಒಬ್ಬಳೇ ಹಗ್ಗದ ಹತ್ತಿರ ಕೂತು ಆ ನೆಲವನ್ನು ಚೆನ್ನಾಗಿ ನೋಡಿದೆ. ಅವಳು ಕಾಲು ಅಗಲಿಸಿ ನಡೆದಿದ್ದಾಳೆ, ಬೆರಳು ಹೊರಕ್ಕೆ ತಿರುಗಿಸಿ. ತುಂಬಿದ ಬಸುರಿಯರು ಹಾಗೆ ನಡೆಯುತ್ತಾರೆ. ಕೊನೆಯ ಸುತ್ತಿನಲ್ಲಿ ಒಂದು ಕಡೆ ಎರಡೂ ಪಾದ ಜೊತೆಗೂಡಿ ಆಳವಾಗಿ ಊರಿವೆ, ಹಿಮ್ಮಡಿ ಸಮೇತ. ಅಲ್ಲಿ ಅವಳು ನಿಂತಿದ್ದಾಳೆ. ಅಲ್ಲಿಂದ ಹೆಜ್ಜೆಗಳು ಸುತ್ತು ಬಿಟ್ಟು ಹೊರಗೆ ಹೋಗಿವೆ, ಮುಂದಕ್ಕೆ ನಡೆದುಕೊಂಡು. ವಾಪಸ್ಸು ಬಂದ ಒಂದು ಹೆಜ್ಜೆಯೂ ಇಲ್ಲ. ನನ್ನ ದೊಡ್ಡ ಮಗಳು ಹುಟ್ಟಿದ ದಿನ ನಾನೂ ಹೀಗೇ ಅರ್ಧ ಗಡಿಗೆ ಬಿಟ್ಟು, ಕೊರಡು ಹಿಡಿದು ಒಂದು ಗಳಿಗೆ ನಿಂತು, ಆಚೆ ಹೋದೆ. ಅವಳು ಇದ್ದಿದ್ದರೆ ನಿನ್ನಷ್ಟೇ ವಯಸ್ಸು. ಊರಿಗೆ ಊರನ್ನೇ ಕೂಲಿಗೆ ಅಟ್ಟಿ ಹಸಿವಿನಲ್ಲಿ ಕೊಂದ ಆ ಕೆಟ್ಟ ವರ್ಷಗಳಲ್ಲಿ ಹೋದಳು. ಹಗ್ಗ ಹಿಡಿದುಕೊಂಡು ನಾನು ಅತ್ತೆ. ಕಾವಲುಗಾರ ಬಿಸಿಲಿಗೆ ಹೀಗಾಯಿತು ಅಂದುಕೊಂಡು ನೀರು ತಂದುಕೊಟ್ಟ.

ಅಧ್ಯಕ್ಷರಿಗೆ ಹೇಳಲಿಲ್ಲ. ಹೇಳಿದರೆ ಅವರು ಮತ್ತೆ ಅದನ್ನು ಗುಡಿ ಮಾಡುತ್ತಿದ್ದರು.

ಹುಲ್ಲಿನ ಮಾಡು ಅದಾದ ಮೇಲೆ ಹೊತ್ತಿದೆ. ನೀನು ಅಲ್ಲಿ ಒಂದು ಎಲುಬೂ ಸಿಗಲಿಲ್ಲ ಎಂದು ಪುಸ್ತಕದಲ್ಲಿ ಬರೆದಿದ್ದೀ. ಹಾಗಾದರೆ ಬೆಂಕಿಗೆ ಮೊದಲೇ ಅವಳು ಹೊರಗಿದ್ದಳು. ನೀನು ಮೊದಲ ದಿನ ಅದನ್ನು ಹೆಣ ಸುಟ್ಟ ಜಾಗ ಅಂದೆ. ಅಲ್ಲಿ ಯಾರೂ ಸತ್ತಿಲ್ಲ ಮಗಳೇ. ಅವಳು ಕೆಲಸ ಬಿಟ್ಟು ಹೆರಲು ಹೋಗಿದ್ದಾಳೆ.

ಇದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ, ಪುಸ್ತಕದಲ್ಲಿ ಹಾಕಬೇಡ. ನಿನಗೆ ಗೊತ್ತಿರಲಿ ಎಂದು ಬರೆದೆ.

ನಿನ್ನ ಮಿಂಗ್
ಲಾಯ್